ಒಂದು ಕಿವಿಯ ಗಂಟು

ಟಕ್ ಎಂದಿತು ಪೈಪು, ಆಮೇಲೆ ಸುಮ್ಮನಾಯಿತು, ಆಮೇಲೆ ಮತ್ತೆ ಟಕ್, ಈ ಸಲ ಇನ್ನೂ ತಡವಾಗಿ, ತಣಿಯುತ್ತಿದೆ ಅಷ್ಟೇ, ಕಾಯುವಾಗಿನ ಟಕ್ಕು ಒಂದರ ಬೆನ್ನಿಗೊಂದು ಓಡಿ ಬರುತ್ತದೆ, ತಣಿಯುವಾಗಿನದು ಮುದುಕರು ಮೆಟ್ಟಿಲು ಇಳಿದ ಹಾಗೆ ನಿಂತು ನಿಂತು, ಅವಳಿಗೆ ಇದನ್ನೆಲ್ಲ ಕಲಿಸಿದ್ದು ಇಲ್ಲಿ ಹಿಂದೆ ಇದೇ ಕೆಲಸ ಮಾಡುತ್ತಿದ್ದ ದೊಡ್ಡಕ್ಕ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳುವುದನ್ನು, ಕಿವಿಯಲ್ಲಲ್ಲ ಕಣೇ, ಮೂಳೆಯಲ್ಲಿ ಕೇಳಬೇಕು, ಕಿವಿಗೆ ಸಾವಿರ ಸದ್ದು. ಅವಳು ಸ್ಕ್ರೂಡ್ರೈವರನ್ನು ಕೋಟಿನ ಜೇಬಿಗೆ ಇಳಿಸಿ, ಮರ ಒಣಗಿಸುವ ಕೊಠಡಿಯ ನೆಲಕ್ಕೆ ಮಂಡಿ ಊರಿದಳು. ಎಡಕ್ಕೆ ಗೋಡೆ, ಬಲಕ್ಕೆ ಸೂರಿನವರೆಗೆ ಪೇರಿಸಿದ ಹಲಗೆಯ ಅಟ್ಟಿ, ನಡುವೆ ಒಬ್ಬರು ಅಡ್ಡಡ್ಡಲಾಗಿ ನುಸುಳುವಷ್ಟು ಸಂದು, ಮದುವೆಯಾದ ಹೊಸದರಲ್ಲಿ ನೆಟ್ಟಗೆ ನಡೆದು ಬರುತ್ತಿದ್ದಳು, ಈಗ ಸೊಂಟ ತಿರುಗಿಸಿ, ಉಸಿರು ಒಳಗೆಳೆದು, ಸಂದು ಅಷ್ಟೇ ಇದೆ ಮೈ ಮಾತ್ರ ಅಲ್ಲ. ಹಲಗೆಗಳಿಂದ ಹುಳಿ ಹುಳಿ ವಾಸನೆ, ಅರ್ಧ ಒಣಗಿದ ಮರದ್ದು, ಬೆವರಿದ ಮಗುವಿನ ನೆತ್ತಿಯ ಹಾಗೆ, ಹೌದು ಮಗಳ ನೆತ್ತಿ ಹೀಗೇ ನಾರುತ್ತಿತ್ತು ಶಾಲೆಯಿಂದ ಬಂದಾಗ. ಉಗಿ ಬಂದು ಪೈಪು ಕಾಯಿಸುತ್ತದೆ, ಪೈಪು ಗಾಳಿಯನ್ನು, ಗಾಳಿ ಮರವನ್ನು, ಮರ ತನ್ನೊಳಗಿನ ನೀರನ್ನೆಲ್ಲ ಸದ್ದಿಲ್ಲದೆ ಬಿಟ್ಟುಕೊಡುತ್ತದೆ, ಆತುರ ಮಾಡಿದರೆ ಸೀಳಿಬಿಡುತ್ತದೆ. ಈ ಸಲದ ಅಟ್ಟಿ ಬಲಗಡೆ ಒಣಗಿದೆ, ಎಡಗಡೆ ಇನ್ನೂ ಹಸಿ. ಬೆಳಿಗ್ಗೆ ಹೊರಗಿನಿಂದ ಮೂಳೆಗೊಟ್ಟು ಕೇಳಿದಾಗಲೇ ಗೊತ್ತಾಯಿತು, ಎಡಗಡೆಯ ಟ್ರ್ಯಾಪು ಉಸಿರಾಡುತ್ತಿಲ್ಲ. ಮುಷ್ಟಿಗಾತ್ರದ ಕಬ್ಬಿಣದ ಡಬ್ಬಿ, ಅದಕ್ಕಿರುವುದು ಒಂದೇ ಕೆಲಸ, ತಣಿದು ನೀರಾದ ಉಗಿಯನ್ನು ಹೊರಗೆ ಬಿಡುವುದು, ಇನ್ನೂ ಉಗಿಯಾಗಿರುವುದನ್ನು ಒಳಗೇ ಹಿಡಿದಿಡುವುದು, ತುಕ್ಕು ಕಟ್ಟಿಕೊಂಡರೆ ಎರಡೂ ಮರೆತುಹೋಗಿ ನೀರು ಪೈಪಿನಲ್ಲೇ ನಿಲ್ಲುತ್ತದೆ, ನಿಂತ ಕಡೆ ಪೈಪು ತಣ್ಣಗೆ, ಪೈಪು ತಣ್ಣಗಿದ್ದ ಕಡೆ ಮರ ಹಸಿ. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡ, ಬೇಗ ಮುಗಿಸಿ ಅಮ್ಮ, ಕೊಠಡಿ ಪೂರ್ತಿ ತಣ್ಣಗಾದರೆ ಅಟ್ಟಿಯೆಲ್ಲ ಬಿರುಕು ಬಿಡುತ್ತೆ, ಆಮೇಲೆ ಸೌದೆಗೆ ಮಾರಬೇಕಾಗುತ್ತೆ. ಹಾಗಾಗಿ ಈ ಅರೆಬಿಸಿಯಲ್ಲೇ, ಒಲೆ ಆರಿಸಿದ ಮೇಲೂ ಬಿಸಿ ಬಿಡದ ಪಾತ್ರೆಯೊಳಗೆ ಕೂತ ಹಾಗೆ. ಮೇಲಿನ ಫ್ಯಾನು ತಿರುಗುವುದಿಲ್ಲ, ಅದರ ಫ್ಯೂಸು ಅವಳ ಜೇಬಿನಲ್ಲೇ ಇದೆ, ಮುಟ್ಟಿ ನೋಡಿಕೊಂಡಳು, ಇದೆ. ಕರೆಂಟಿಗೆ ಫ್ಯೂಸು. ಉಗಿಗೆ ಬಟ್ಟೆ.

ಬಟ್ಟೆ ಕಟ್ಟಿದೆನಾ, ಕಟ್ಟಿದೆ, ಹಿಂದಿನ ಓಣಿಯಲ್ಲಿ ಉಗಿಯ ವಾಲ್ವು ಮುಚ್ಚಿ ಅದರ ಚಕ್ರಕ್ಕೆ ನೀಲಿ ಚೌಕಳಿಯ ಬಟ್ಟೆ, ಮಗಳ ಹಳೇ ಶಾಲೆಯ ಫ್ರಾಕಿನಿಂದ ಹರಿದದ್ದು, ಕಟ್ಟಿ, ಒಮ್ಮೆ ಎಳೆದು ನೋಡಿ, ಆಮೇಲೆ ಸಣ್ಣ ಬಾಗಿಲಿನಿಂದ ಒಳಗೆ ಬಂದೆ. ಇಲ್ಲಿಯ ಕಟ್ಟಳೆ ಅದು, ಯಾರು ಮಾಡಿದರೋ ಗೊತ್ತಿಲ್ಲ, ಗೋಡೆಯ ಮೇಲೆಲ್ಲೂ ಬರೆದಿಲ್ಲ, ಒಳಗೆ ಹೋಗುವವರು ಚಕ್ರಕ್ಕೆ ತಮ್ಮ ಬಟ್ಟೆ ಕಟ್ಟಿ ಹೋಗಬೇಕು, ಬಟ್ಟೆ ಇರುವವರೆಗೆ ಚಕ್ರವನ್ನು ಯಾರೂ ಮುಟ್ಟಬಾರದು, ಕಟ್ಟಿದವರೇ ಬಿಚ್ಚಬೇಕು. ಮಾಲೀಕ ಬಂದು ನಿಂತರೂ ಕಟ್ಟಿದವರೇ ಬಿಚ್ಚಬೇಕು. ದೊಡ್ಡಕ್ಕನದು ಹಳದಿ ಬಟ್ಟೆ, ಎಣ್ಣೆಗೆ ಕಂದಾಗಿ ಹೋಗಿದ್ದ ಹಳದಿ. ಅವಳದು ನೀಲಿ. ಗಂಡನದು ಯಾವ ಬಣ್ಣವೂ ಇಲ್ಲ, ಅವನು ಒಳಗೆ ಬರುವವನಲ್ಲ, ಬಾಯ್ಲರಿನ ಮನುಷ್ಯ, ಓಣಿಯ ಆ ತುದಿಯ ಕೋಣೆಯಲ್ಲಿ ಒತ್ತಡದ ಮುಳ್ಳು ನೋಡುತ್ತ ಸ್ಟೂಲಿನ ಮೇಲೆ ಕೂತಿರುತ್ತಾನೆ, ಕಾಲು ಮುಂದೆ ಚಾಚಿ, ಹೊಟ್ಟೆಯ ಮೇಲೆ ಕೈ ಕಟ್ಟಿ. ಅವಳು ಕಟ್ಟುವುದು ಒಂದು ಕಿವಿಯ ಗಂಟು, ರಿಬ್ಬನ್ನಿನ ಹಾಗೆ ಒಂದು ಕುಣಿಕೆ ಹೊರಗುಳಿದು, ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುವಂಥದ್ದು, ಎಡಗೈಯವಳಾದ್ದರಿಂದ ಕಿವಿ ಯಾವಾಗಲೂ ಗೋಡೆಯ ಕಡೆಗೆ ಬೀಳುತ್ತದೆ, ಮಗಳು ಕನ್ನಡಿಯ ಮುಂದೆ ಕಾಲು ಕುಟ್ಟುತ್ತಿದ್ದಳು, ಅಮ್ಮ ನೀನು ಹಾಕಿದ ರಿಬ್ಬನ್ನು ಉಲ್ಟಾ, ಎಲ್ಲರೂ ನಗ್ತಾರೆ. ಗಂಡನ ಗಂಟು ಬೇರೆ. ಗಂಡ ಏನನ್ನೇ ಕಟ್ಟಲಿ ಬೂದಿ ಚೀಲದ ಬಾಯಿ ಕಟ್ಟಿದ ಹಾಗೆ ಕಟ್ಟುತ್ತಾನೆ, ಎರಡು ಸುತ್ತು, ಎರಡು ಬಿಗಿಗಂಟು, ಮೇಲೊಂದು ಎಳೆತ, ಊಟದ ಡಬ್ಬಿಯ ಬಟ್ಟೆಯಾಗಲಿ, ಹಳೇ ಪೇಪರಿನ ಕಟ್ಟಾಗಲಿ, ಮಗಳ ಮದುವೆಯ ಸಾಮಾನಾಗಲಿ, ಉಗುರು ಮುರಿದರೂ ಬರುವುದಿಲ್ಲ, ಕೊನೆಗೆ ಅವಳೇ ಹಲ್ಲು ಹಾಕಬೇಕು, ಬಲಗಡೆಯ ಕೋರೆಹಲ್ಲು ಚೂರು ಹಾರಿದ್ದು ಹಾಗೇ, ಡಬ್ಬಿ ಬಿಚ್ಚಲು ಹೋಗಿ. ಅವನು ನಕ್ಕಿದ್ದ, ಹಲ್ಲು ಗಟ್ಟಿಯಿಲ್ಲ ಕಣೇ ನಿಂದು. ಗಂಟು ಬಿಗಿಯಾಯಿತು ಅನ್ನಲಿಲ್ಲ.

ಸ್ಪ್ಯಾನರ್ ಹಾಕಿದಳು, ಟ್ರ್ಯಾಪಿನ ಮುಚ್ಚಳದ ಬೋಲ್ಟು ಕಿರ್ ಎಂದಿತು, ಬಾ ಬಾ, ಬಂತು. ಜಾಲರಿ ತೆಗೆದು ತಲೆಯ ಮೇಲಿನ ದೀಪಕ್ಕೆ ಹಿಡಿದರೆ ಅದರ ಕಣ್ಣುಗಳೆಲ್ಲ ಕೆಂಪು ತುಕ್ಕಿನಿಂದ ಮುಚ್ಚಿಹೋಗಿವೆ, ತಂತಿ ಬ್ರಷ್ಷಿನಲ್ಲಿ ತಿಕ್ಕಿದರೆ ಕೆಂಪು ಪುಡಿ ಮಂಡಿಯ ಮೇಲೆ. ಜಾಲರಿಯಾಯಿತು, ಇನ್ನು ಡಬ್ಬಿಯೊಳಗೆ, ಮುಖ ಬಗ್ಗಿಸಿ ತೂತಿನೊಳಕ್ಕೆ ಇಣುಕಬೇಕು, ಅಲ್ಲಿ ಗಸಿ ಎಷ್ಟಿದೆ ನೋಡಬೇಕು, ಬಾವಿಗೆ ಇಣುಕಿದ ಹಾಗೆ. ಇಣುಕುವಾಗ ಪ್ರತಿಸಲ ದೊಡ್ಡಕ್ಕ ನೆನಪಾಗುತ್ತಾಳೆ, ಇಣುಕಿದ್ದು ಹೀಗೇ ತಾನೇ, ಇದೇ ಕೊಠಡಿ, ಇದೇ ಗೋಡೆ, ಮೂರನೆಯ ಟ್ರ್ಯಾಪು. ಅಷ್ಟರಲ್ಲಿ ಶುರುವಾಯಿತು, ಎದೆಯ ನಡುವೆ ಯಾರೋ ಒಲೆ ಹೊತ್ತಿಸಿದ ಹಾಗೆ, ಅಲ್ಲಿಂದ ಕತ್ತಿಗೆ, ಕತ್ತಿನಿಂದ ಕಿವಿಯ ತುದಿಗೆ, ನೆತ್ತಿಯಲ್ಲಿ ಇರುವೆ ಹರಿದ ಹಾಗೆ ಬೆವರು, ಈ ವಯಸ್ಸಿನ ಸೆಕೆ, ಮುಟ್ಟು ನಿಂತಾಗಿನಿಂದ ಹೀಗೇ, ಹೇಳದೆ ಕೇಳದೆ ಬರುತ್ತದೆ, ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಯಾರ ಜೊತೆಗಾದರೂ ಮಾತಾಡುತ್ತ ನಿಂತಾಗ. ನಿನ್ನನ್ನೇ ಕೊಠಡಿಯೊಳಗೆ ಕೂರಿಸಿದ್ರೆ ಸಾಕು, ಬಾಯ್ಲರಿಗೆ ಸೌದೆ ಉಳಿಯುತ್ತೆ, ಗಂಡನ ಹೊಸ ತಮಾಷೆ, ಸೂಪರ್‌ವೈಸರಿನ ಎದುರೇ ಹೇಳಿದ್ದ, ಇಬ್ಬರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ನಗದೆ ಏನು ಮಾಡುವುದು. ಮನೆಯಲ್ಲಿ ಕಿಟಕಿ ತೆಗೆದರೆ ಅವನಿಗೆ ಚಳಿ, ಮುಚ್ಚಿದರೆ ಅವಳಿಗೆ ಉಸಿರು ಕಟ್ಟುತ್ತದೆ, ಮುಚ್ಚಿಯೇ ಇರುತ್ತದೆ, ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸು, ಗೋಡೆಯಾಚೆ ಬಾಯ್ಲರಿನ ಗುಂಯ್‌ಗುಟ್ಟುವ ಸದ್ದು, ಮಲಗಿದರೂ ಅದೇ ಎದ್ದರೂ ಅದೇ, ಕೆಲಸದಿಂದ ಮನೆಗೆ ಹೋಗುವುದು ಅಂದರೆ ಗೋಡೆಯ ಈ ಬದಿಯಿಂದ ಆ ಬದಿಗೆ. ಕೋಟಿನ ಗುಂಡಿ ಕಿತ್ತ ಹಾಗೆ ಬಿಚ್ಚಿದಳು, ಸಾಲದು, ಗಾಳಿ ಬೇಕು, ಎದ್ದಳು, ಸಂದಿನಲ್ಲಿ ಅಡ್ಡಡ್ಡ ನುಸುಳಿ, ತುಸು ತೆರೆದಿಟ್ಟಿದ್ದ ಸಣ್ಣ ಬಾಗಿಲಿನ ಕಡೆಗೆ ಅರ್ಧ ದಾರಿ, ಅಲ್ಲಿಗೆ ಹೊರಗಿನ ಗಾಳಿಯ ಒಂದು ಎಳೆ ಬರುತ್ತದೆ, ಹಲಗೆಗೆ ಕೆನ್ನೆಯೊತ್ತಿ ನಿಂತಳು. ಟಕ್. ಟಕ್. ಟಕ್‌ಟಕ್. ಕಿವಿಯಲ್ಲಿ ರಕ್ತದ ಸದ್ದು ಅಂದುಕೊಂಡಳು. ಟಕ್‌ಟಕ್‌ಟಕ್. ಹಿಂದೆ, ಅವಳು ಮಂಡಿಯೂರಿದ್ದ ಜಾಗದಲ್ಲಿ, ಡಬ್ಬಿ ಗಂಟಲು ಸರಿಮಾಡಿಕೊಂಡ ಹಾಗೆ ಗೊರ್ ಎಂದಿತು, ತೂತಿನಿಂದ ಕುದಿನೀರು ಒಂದು ಬುಗ್ಗೆ ಮೇಲಕ್ಕೆ ಚಿಮ್ಮಿ ಎದುರಿನ ಹಲಗೆಗೆ ಬಡಿದು ಹೊಗೆಯಾಡಿತು, ಹಲಗೆಯ ಮೇಲೆ ಕಪ್ಪನೆಯ ಒದ್ದೆ ಮಚ್ಚೆ, ಸರಿಯಾಗಿ ಒಂದು ಮುಖದಷ್ಟು. ಆಮೇಲೆ ಏನೂ ಇಲ್ಲ. ತೊಟ್ಟಿಕ್ಕುವುದೂ ನಿಂತಿತು. ಯಾರೋ ಬಾಯಿ ಮುಚ್ಚಿದ ಹಾಗೆ.

ಪೈಪನ್ನು ಬೆರಳ ಗೆಣ್ಣಿನಿಂದ ಮುಟ್ಟಿದಳು, ಬಿಸಿ, ವಾಲ್ವಿನ ಕಡೆ ಇನ್ನೂ ಬಿಸಿ. ಬಾಗಿಲಿನ ಸಂದಿಗೆ ಬಾಯಿಟ್ಟು ಕೂಗಿದಳು, ರೀ, ವಾಲ್ವ್ ಮುಟ್ಟಿದ್ರಾ. ಓಣಿಯ ಆ ತುದಿಯಿಂದ ಗಂಡನ ದನಿ, ನಿದ್ದೆಯಿಂದ ಎದ್ದವನ ಹಾಗೆ, ಏನಂದೆ. ವಾಲ್ವ್ ರೀ, ವಾಲ್ವ್ ಮುಟ್ಟಿದ್ರಾ ಅಂದೆ. ನಾನ್ಯಾಕೆ ಮುಟ್ಟಲಿ, ನಿನ್ನ ಬಟ್ಟೆ ಇದೆಯಲ್ಲ ಅದರ ಮೇಲೆ. ಪೈಪು ಬಿಸಿಯಾಯ್ತು. ಪೈಪು ಬಿಸಿಯಾಯ್ತೋ ನೀನು ಬಿಸಿಯಾದ್ಯೋ ನೋಡ್ಕೋ ಮೊದಲು. ನಕ್ಕ, ನಗು ಓಣಿಯಲ್ಲಿ ಉರುಳಿಕೊಂಡು ಬಂತು. ಹಳೆಯ ವಾಲ್ವು, ಪೂರ್ತಿ ಮುಚ್ಚಿಕೊಳ್ಳುವುದಿಲ್ಲವೇನೋ, ಒಂದು ಎಳೆ ಉಗಿ ಸೋರಿರಬಹುದು, ಅಥವಾ ಪೈಪಿನಲ್ಲೇ ನಿಂತಿದ್ದ ನೀರು, ಜಾಲರಿ ತೆಗೆದದ್ದೇ ದಾರಿ ಸಿಕ್ಕಿತು ಅಂತ ಹೊರಬಂದಿರಬಹುದು, ಹಾಗೇ ಇರಬೇಕು, ಹಾಗೆ ಅಂದುಕೊಂಡ ಕೂಡಲೇ ಸಮಾಧಾನವಾಯಿತು, ಅವಳಿಗೆ ಹಾಗೆ ಅಂದುಕೊಳ್ಳುವುದು ಚೆನ್ನಾಗಿ ಅಭ್ಯಾಸ. ಗಂಡನ ಕೈಯಲ್ಲಿ ಚಹಾ ಕಪ್ಪು ಒಡೆದರೆ, ಅಂಚಲ್ಲಿ ಇಟ್ಟಿದ್ದೆಯಲ್ಲ ನೀನು. ಹಾಲು ಉಕ್ಕಿದರೆ, ಆ ಹೊತ್ತಿಗೇ ಕರೆದೆಯಲ್ಲ ನೀನು. ಬೀಗದ ಕೈ ಅವನ ಅಂಗಿಯ ಜೇಬಿನಲ್ಲೇ ಸಿಕ್ಕಿದರೆ, ನೀನೇ ತಂದು ಹಾಕಿರ್ತೀಯ, ನಿನಗೆಲ್ಲಿ ನೆನಪಿರುತ್ತೆ. ಕೈಯೆತ್ತಿದವನಲ್ಲ, ದನಿಯೇರಿಸಿದವನಲ್ಲ, ಜ್ವರ ಬಂದಾಗ ಪಾದ ಒತ್ತಿದವನು, ಪಕ್ಕದ ಮನೆಯಾಕೆ ಹೇಳುತ್ತಿರುತ್ತಾಳೆ, ನಿಮ್ಮ ಯಜಮಾನರಂಥವರು ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು. ಪುಣ್ಯವೇ ಇರಬೇಕು. ಆದರೆ ಇಷ್ಟು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಅದು ನಾನು ಮಾಡಿದ್ದು ಅಂದದ್ದು ಅವಳಿಗೆ ನೆನಪಿಲ್ಲ, ಅವಳಿಗೆಲ್ಲಿ ನೆನಪಿರುತ್ತೆ. ಮನೆಯ ಮರೆಗುಳಿ ಅವಳೇ, ಫೋನಿನಲ್ಲಿ ಮಗಳೂ ನಗುತ್ತಾಳೆ, ಅಮ್ಮ ಇದನ್ನ ಮೊನ್ನೆಯೇ ಹೇಳಿದೆ ಕಣಮ್ಮ.

ಜಾಲರಿ ಕೂರಿಸಿದಳು, ಈ ಸಲ ಮುಖ ಬಗ್ಗಿಸಲಿಲ್ಲ, ತೋಳು ಉದ್ದ ಮಾಡಿ, ಕತ್ತು ಹಿಂದಕ್ಕೆ ಹಾಕಿ, ಹಾವಿಗೆ ಹಾಲೆರೆಯುವವಳ ಹಾಗೆ. ಅವತ್ತು ದೊಡ್ಡಕ್ಕ ಕತ್ತು ಹಿಂದಕ್ಕೆ ಹಾಕಲಿಲ್ಲ, ಬಟ್ಟೆಯ ಮೇಲೆ ಅಷ್ಟು ನಂಬಿಕೆ. ಎಡಕಿವಿ, ಕೆನ್ನೆ, ಕತ್ತಿನಿಂದ ಭುಜದವರೆಗೆ, ಚರ್ಮ ಕುದಿಸಿದ ಟೊಮೆಟೊ ಸಿಪ್ಪೆಯ ಹಾಗೆ, ಬೇಡ, ಅದು ಬೇಡ. ಚಕ್ರದ ಮೇಲೆ ಏನೂ ಇರಲಿಲ್ಲ, ಇದ್ದಿದ್ರೆ ನಾನು ಮುಟ್ತಿದ್ನಾ, ಉಗಿ ತೆರೆದಿದ್ದ ಗಂಡ ಎಲ್ಲರೆದುರು ನಿಂತು ಹೇಳಿದ್ದ, ಹೇಳುತ್ತ ಅತ್ತಿದ್ದ, ಬಿಕ್ಕಿ ಬಿಕ್ಕಿ, ಸುಟ್ಟುಕೊಂಡವಳನ್ನು ಬಿಟ್ಟು ಜನ ಅವನ ಬೆನ್ನು ಸವರಿದ್ದರು, ನಿಮ್ಮದೇನು ತಪ್ಪು, ಪಾಪ. ಹಳದಿ ಬಟ್ಟೆ ಎಲ್ಲಿ ಅಂದರೆ, ಅವರ ಕೋಟಿನ ಜೇಬಲ್ಲೇ ಇದ್ದಿರುತ್ತೆ ಬಿಡಿ. ಕೋಟನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದು ಎಸೆದಾಗಿತ್ತು. ದೊಡ್ಡಕ್ಕ ಹಾಸಿಗೆಯಲ್ಲಿ ಒಂದೇ ಪಾಠ, ಕಟ್ಟಿದ್ದೆ ಕಣೇ, ಎರಡು ಸಲ ಎಳೆದು ನೋಡಿದ್ದೆ, ಕಟ್ಟಿದ್ದೆ. ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ನೀರು ಕುಡಿಸುತ್ತಿದ್ದವಳು ಇವಳು. ಎಷ್ಟು ಮೆದುವಾಗಿ ಹೇಳಿದ್ದಳು, ಎಷ್ಟು ಪ್ರೀತಿಯಿಂದ, ವಯಸ್ಸಾಯ್ತಲ್ಲ ಅಕ್ಕ, ಮರೆತಿರ್ತೀರಿ, ಯಾರಿಗಾದರೂ ಆಗುತ್ತೆ. ದೊಡ್ಡಕ್ಕ ನೋಡಿದಳು, ಊದಿಕೊಳ್ಳದೆ ಉಳಿದ ಒಂದು ಕಣ್ಣಿನಿಂದ, ಬಹಳ ಹೊತ್ತು, ಆಮೇಲೆ ಗೋಡೆಯ ಕಡೆ ತಿರುಗಿದಳು. ಮಾರನೆಯ ದಿನ ಅವಳೇ ಅಂದಳು, ಇರಬಹುದು ಕಣೇ, ಮರೆತಿರ್ತೀನಿ. ಅವತ್ತು ನಿರಾಳವಾಗಿತ್ತು. ಮನೆಗೆ ಬಂದು ಗಂಡನಿಗೆ ಹೇಳಿದಳು, ಒಪ್ಪಿಕೊಂಡರು ರೀ, ಮರೆತೆ ಅಂದರು. ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟು, ಅಂತೂ ಒಳ್ಳೇ ಕೆಲಸ ಮಾಡಿದೆ ಕಣೇ, ಅಂದ. ಒಳ್ಳೇ ಕೆಲಸ. ಯಾವ ಒಳ್ಳೇ ಕೆಲಸ, ಅಂತ ಅವತ್ತು ಕೇಳಿಕೊಳ್ಳಲಿಲ್ಲ. ದೊಡ್ಡಕ್ಕ ಈಗ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ, ಗಾಯ ಮಾದು ನುಣ್ಣಗೆ ಹೊಳೆಯುತ್ತದೆ, ಕೆಟ್ಟದ್ದು ಗಾಯವಲ್ಲ, ಕೈಯ ಮೇಲೆ ನಂಬಿಕೆ ಹೋಗಿಬಿಟ್ಟಿದೆ, ಒಲೆ ಹಚ್ಚುವುದಿಲ್ಲ, ಚಿಲಕ ಹಾಕಿ ಬಂದು ಕೂತು ಮತ್ತೆ ಎದ್ದು ಹೋಗಿ ನೋಡುತ್ತಾಳೆ, ಮತ್ತೆ ಕೂರುತ್ತಾಳೆ, ಮತ್ತೆ ಏಳುತ್ತಾಳೆ. ಹೋದ ಸಲ ಚಹಾ ತಂದುಕೊಟ್ಟು ಬಾಗಿಲಲ್ಲೇ ನಿಂತಳು, ಸಕ್ಕರೆ ಹಾಕಿದ್ದೀನಾ ನೋಡೇ. ಹಾಕಿದ್ದೀರಿ ಅಕ್ಕ. ನಿಜ ಹೇಳು. ಹಾಕಿದ್ದೀರಿ. ಪೈಪಿನ ಒಳಗೆ ಎಲ್ಲಿ ನೀರು ನಿಂತಿದೆ ಅಂತ ಗೋಡೆಯಾಚೆಯಿಂದ ಹೇಳುತ್ತಿದ್ದವಳು.

ಕೊನೆಯ ಬೋಲ್ಟು ಬಿಗಿದಳು, ಬ್ರಷ್ಷು, ಸ್ಪ್ಯಾನರು, ಕೆಂಪು ಪುಡಿ ಒರೆಸಿದ ಹತ್ತಿ, ಎಲ್ಲ ಬಕೆಟ್ಟಿಗೆ. ಅಡ್ಡಡ್ಡ ನುಸುಳುವಾಗ ಒದ್ದೆ ಮಚ್ಚೆ ಭುಜಕ್ಕೆ ತಾಗಿತು, ಇನ್ನೂ ಬೆಚ್ಚಗಿತ್ತು. ಹೊರಗೆ ಓಣಿ, ಬಲ್ಬು, ತಣ್ಣನೆಯ ಸಿಮೆಂಟು ನೆಲ, ಬೆವರಿದ ಮೈಗೆ ಗಾಳಿ ಸೂಜಿಯ ಹಾಗೆ. ಬಕೆಟ್ಟು ಕೆಳಗಿಟ್ಟು ಚಕ್ರಕ್ಕೆ ಎಡಗೈ ಚಾಚಿದಳು, ನೋಡದೆಯೇ, ಗೋಡೆಯ ಕಡೆಗೆ, ಕಿವಿಯ ಪಕ್ಕದ ತುದಿ ಹಿಡಿದು ಎಳೆಯಲು, ಎಷ್ಟೋ ವರ್ಷ ಎಳೆದ ಬೆರಳಿಗೆ ಕಣ್ಣು ಬೇಡ. ಬೆರಳಿಗೆ ಕಿವಿ ಸಿಗಲಿಲ್ಲ. ಈ ಕಡೆ ತಡವಿದಳು, ಇಲ್ಲ. ಆಗ ನೋಡಿದಳು. ನೀಲಿ ಚೌಕಳಿ, ಮಗಳ ಫ್ರಾಕಿನದೇ, ಅವಳದೇ ಬಟ್ಟೆ, ಎರಡು ಸುತ್ತು ಸುತ್ತಿ, ಎರಡು ಬಿಗಿಗಂಟು ಹಾಕಿ, ಮೇಲೊಂದು ಎಳೆತ ಎಳೆದದ್ದು, ಬೂದಿ ಚೀಲದ ಬಾಯಿಯ ಹಾಗೆ. ಗಂಟಿನ ಪಕ್ಕ ಹೆಬ್ಬೆಟ್ಟಿನಷ್ಟು ಮಸಿ. ಬಾಯ್ಲರಿನ ಮಸಿ.

ಒಂದು ಎಳೆ ಉಗಿ ಕೊಟ್ಟಿರುತ್ತಾನೆ, ಒಂದೇ ಎಳೆ, ಕೊಠಡಿ ತಣ್ಣಗಾಗಬಾರದು ಅಂತ, ಸೂಪರ್‌ವೈಸರ್ ಬೈಯಬಾರದು ಅಂತ, ಅವಳು ಆ ಕೊನೆಯಲ್ಲಿರುತ್ತಾಳೆ, ಅಲ್ಲಿಗೆ ತಲುಪುವುದರೊಳಗೆ ಮುಚ್ಚಿದರಾಯಿತು ಅಂತ. ಕೆಟ್ಟದ್ದು ಮಾಡಬೇಕು ಅಂತ ಅಲ್ಲ. ಅವನು ಕೆಟ್ಟವನಲ್ಲ. ಸುತ್ತು ಅಡ್ಡ ಬರುತ್ತದೆ ಅಂತ ಬಟ್ಟೆ ಬಿಚ್ಚಿ ಭುಜದ ಮೇಲೆ ಹಾಕಿಕೊಂಡು ಕಾಲು ಸುತ್ತು ತಿರುಗಿಸಿ, ಮತ್ತೆ ಮುಚ್ಚಿ, ಮತ್ತೆ ಕಟ್ಟಿ, ಸ್ಟೂಲಿನ ಮೇಲೆ ಹೋಗಿ ಕೂತು, ನಾನ್ಯಾಕೆ ಮುಟ್ಟಲಿ, ನಿನ್ನ ಬಟ್ಟೆ ಇದೆಯಲ್ಲ. ಎಷ್ಟು ಸಲ ಹೀಗೆ ಮಾಡಿದ್ದಾನೋ, ಎಷ್ಟು ಸಲ ಹೀಗೆ ಮಾಡಿ ಏನೂ ಆಗದೆ ಹೋಗಿತ್ತೋ, ಪ್ರತಿಸಲ ಅವಳು ಆತುರದಲ್ಲಿ ಗಂಟು ನೋಡದೆ ಹಲ್ಲು ಹಾಕಿ ಬಿಚ್ಚಿದ್ದಳೋ, ಇಲ್ಲ, ಹಾಗಿದ್ದರೆ ಗೊತ್ತಾಗುತ್ತಿತ್ತು, ಇವತ್ತು ಹೆದರಿದ್ದಾನೆ, ಅವಳು ಕೂಗಿದ ಮೇಲೆ ಓಡಿ ಬಂದು ಕಟ್ಟಿದ್ದಾನೆ, ಇಲ್ಲ, ಕೂಗುವ ಮೊದಲೇ, ಯಾವಾಗಲಾದರೇನು. ಏನೂ ಆಗಲಿಲ್ಲ, ಅದಕ್ಕೇ ಬಟ್ಟೆ ಇಲ್ಲಿದೆ. ಆಗಿದ್ದರೆ ಇರುತ್ತಿರಲಿಲ್ಲ. ಸೆಕೆ ಬಂದು ಅವಳು ಎದ್ದಿರದಿದ್ದರೆ, ಆ ಒದ್ದೆ ಮಚ್ಚೆಯ ಜಾಗದಲ್ಲಿ ಅವಳ ಮುಖ ಇದ್ದಿದ್ದರೆ, ಈ ಹೊತ್ತಿಗೆ ಅವನು ಓಣಿಯಲ್ಲಿ ನಿಂತು ಅಳುತ್ತಿರುತ್ತಿದ್ದ, ನಿಜವಾಗಿಯೇ ಅಳುತ್ತಿರುತ್ತಿದ್ದ, ಚಕ್ರದ ಮೇಲೆ ಏನೂ ಇರಲಿಲ್ಲ, ಇದ್ದಿದ್ರೆ ನಾನು ಮುಟ್ತಿದ್ನಾ, ಜನ ಬೆನ್ನು ಸವರುತ್ತಿದ್ದರು, ಮಗಳು ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ನೀರು ಕುಡಿಸುತ್ತ, ಮರೆತಿರ್ತೀಯ ಅಮ್ಮ, ಯಾರಿಗಾದರೂ ಆಗುತ್ತೆ. ಅವಳೂ ಅನ್ನುತ್ತಿದ್ದಳು. ಎರಡು ದಿನ ಇಲ್ಲ ಅಂದು ಮೂರನೆಯ ದಿನ ಅನ್ನುತ್ತಿದ್ದಳು, ಇರಬಹುದು ಕಣೇ. ಆಮೇಲೆ ಒಂದು ಹಿಂದಿನ ಕೋಣೆ, ಒಂದು ಚಿಲಕ.

ಆಯ್ತೇನೇ, ಗಂಡನ ದನಿ, ಬಾಯ್ಲರಿನ ಬಾಗಿಲಿಂದ, ಬಿಚ್ಚು ಬೇಗ, ಉಗಿ ಕೊಡ್ತೀನಿ, ಆ ಸೂಪರ್‌ವೈಸರ್ ಬಂದು ಕುಣೀತಾನೆ ಈಗ. ಅವಳು ಗಂಟಿನ ಹತ್ತಿರ ಬಾಯಿ ತಂದಿದ್ದಳು, ತನಗೇ ತಿಳಿಯದೆ, ಚೂರು ಹಾರಿದ ಕೋರೆಹಲ್ಲು ಬಟ್ಟೆಗೆ ತಾಗಿತ್ತು, ಮಸಿಯ ರುಚಿ, ಸೋಪಿನ ರುಚಿ, ಅದರಡಿಯಲ್ಲೆಲ್ಲೋ ಶಾಲೆಯಿಂದ ಬಂದ ಮಗುವಿನ ನೆತ್ತಿ. ಹಲ್ಲು ತೆಗೆದಳು. ನಾಲಿಗೆಯಿಂದ ಆ ಮುರುಕು ಅಂಚನ್ನು ಒಮ್ಮೆ ಮುಟ್ಟಿಕೊಂಡಳು. ಬಕೆಟ್ಟಿನಲ್ಲಿದ್ದುದನ್ನೆಲ್ಲ ನೆಲಕ್ಕೆ ತೆಗೆದಿಟ್ಟು, ಬಕೆಟ್ಟು ಬೋರಲು ಹಾಕಿ, ಚಕ್ರದ ಎದುರು ಅದರ ಮೇಲೆ ಕೂತಳು, ಕೋಟಿನ ಗುಂಡಿ ಹಾಕಿಕೊಳ್ಳಲಿಲ್ಲ. ಜೇಬಿನಲ್ಲಿ ಫ್ಯೂಸು ಇತ್ತು, ಮುಟ್ಟಿ ನೋಡಬೇಕು ಅನ್ನಿಸಲಿಲ್ಲ, ಇದೆ ಅಂತ ಗೊತ್ತು. ಸಂಜೆ ದೊಡ್ಡಕ್ಕನ ಹತ್ತಿರ ಹೋಗಬೇಕು, ಚಹಾ ತರುತ್ತಾಳೆ, ಬಾಗಿಲಲ್ಲಿ ನಿಲ್ಲುತ್ತಾಳೆ, ಆಗ ಹೇಳಬೇಕು, ಕಟ್ಟಿದ್ದಿರಿ ಅಕ್ಕ, ಇನ್ನೇನೂ ಬೇಡ, ಅಷ್ಟೇ, ಕಟ್ಟಿದ್ದಿರಿ. ಅದು ಸಂಜೆಗೆ. ಈಗ ಕೊಠಡಿ ತಣಿಯುತ್ತಿದೆ, ಗೋಡೆಯಾಚೆ ಟಕ್, ಆಮೇಲೆ ಬಹಳ ಹೊತ್ತು ಬಿಟ್ಟು ಟಕ್, ಮರ ಸೀಳುವುದಾದರೆ ಸೀಳಲಿ, ಸೂಪರ್‌ವೈಸರ್ ಬರುವುದಾದರೆ ಬರಲಿ, ಬಂದು ಕೇಳಲಿ, ಅವಳು ಏನೂ ಹೇಳುವವಳಲ್ಲ, ತೋರಿಸುವವಳೂ ಅಲ್ಲ, ಕೂತಿರುತ್ತಾಳೆ ಅಷ್ಟೇ, ಕಟ್ಟಿದವರೇ ಬಿಚ್ಚಬೇಕು. ಏನೇ, ಕೇಳಿಸ್ತಾ, ಮತ್ತೆ ಸೆಕೆ ಶುರುವಾಯ್ತಾ. ಸ್ಟೂಲು ಹಿಂದೆ ಸರಿದ ಸದ್ದು. ಚಪ್ಪಲಿಯ ಸದ್ದು, ಓಣಿಯುದ್ದಕ್ಕೂ, ಹತ್ತಿರ, ಇನ್ನೂ ಹತ್ತಿರ, ನಿಂತಿತು. ಅವಳು ತಿರುಗಿ ನೋಡಲಿಲ್ಲ. ಚಕ್ರದ ಮೇಲೆ ನೀಲಿ ಚೌಕಳಿ ಬಟ್ಟೆ, ಎರಡು ಸುತ್ತು, ಎರಡು ಬಿಗಿಗಂಟು, ಗೋಡೆಯ ಕಡೆ ಕಿವಿಯಿಲ್ಲ, ಈ ಕಡೆಯೂ ಕಿವಿಯಿಲ್ಲ, ಎರಡು ಬಿಗಿಗಂಟು, ಪಕ್ಕದಲ್ಲಿ ಮಸಿ.